ಇಳಿಸಿಕೊಟ್ಟ ಶ್ರುತಿ

ಬಟವಾಡಿಯಲ್ಲಿ ಹಾಡುಗಾರರಿಗೆ ಕಂಪ್ಯೂಟರಿನಲ್ಲಿ ಸ್ವರ ಬರೆದು ನೊಟೇಶನ್ ಮಾಡಿಕೊಡುವ ಚನ್ನವೀರಯ್ಯ ಮೇಷ್ಟ್ರಿಗೆ, ಬಂದವನು ಬಾಗಿಲಲ್ಲಿ ಕೆಮ್ಮಿದರೂ ಸಾಕು, ಅವನ ಶ್ರುತಿ ಗೊತ್ತಾಗಿಬಿಡುತ್ತದೆ. ಗುಬ್ಬಿಯ ಆರ್ಕೆಸ್ಟ್ರಾದವನು ಚಪ್ಪಲಿ ಬಿಡುವಷ್ಟರಲ್ಲಿ ಪರದೆಯ ಮೇಲೆ ಸಾಲಿನ ಮೊದಲಿನ ಶ್ರುತಿಯ ಗುರುತು ಬದಲಾಗಿ, ಹಾಡು ಕೆಳಗಿಳಿದಿರುತ್ತದೆ. "ಗಂಟ್ಲು ಹರ್ಕೋಬ್ಯಾಡ ಕಣೋ, ಹಾಡ್ನೇ ಇಳಿಸ್ತೀನಿ ಬುಡು," ಎನ್ನುತ್ತಾರೆ. ಹೆಂಡತಿ ಕಲ್ಲಮ್ಮನಿಗೆ ಮಾತ್ರ ಹೇಳದೆ ಇಳಿಸುತ್ತಿದ್ದರು. ವಯಸ್ಸಾದಂತೆಲ್ಲ, ಅವಳು ಸಂಜೆ ಕಂಪ್ಯೂಟರಿನ ಜೊತೆ ಹಾಡುತ್ತಿದ್ದ ಮದುವೆ ಕಾಲದ ಹಾಡು ಸದ್ದಿಲ್ಲದೆ ಒಂದೊಂದೇ ಮೆಟ್ಟಿಲು ಇಳಿಯಿತು. "ನೋಡಿ, ನನ್ ಗಂಟ್ಲು ಮದ್ವೇಲಿದ್ದಂಗೇ ಐತೆ," ಎಂದು ಅವಳು ಬೀಗಿದರೆ, "ಹೂಂ ಕಣೇ," ಎನ್ನುತ್ತಿದ್ದರು. ಅವಳು ತೀರಿಕೊಂಡ ಮೇಲೆ ಆ ಹಾಡನ್ನು ಮದುವೆಯ ಕಾಲದ ಶ್ರುತಿಗೇ ಏರಿಸಿಟ್ಟಿದ್ದಾರೆ. ಸಂಜೆ ಕಂಪ್ಯೂಟರ್ ನುಡಿಸುತ್ತದೆ, ಇವರು ಒಬ್ಬರೇ ಕೂತು ಹಾಡುತ್ತಾರೆ. ಗಂಟಲು ಹರಿದರೂ ಇಳಿಸುವುದಿಲ್ಲ.