ಅರ್ಧಕ್ಕೇ ಕಳಿಸಿದ ನಾಟಕದ ಮೇಷ್ಟ್ರು

"ಇವನ ಕೈಗೆ ಅಕ್ಸರ ಅತ್ತೋದೂ ಒಂದೇ, ನಮ್ಮೆತ್ತು ಆಲು ಕೊಡೋದೂ ಒಂದೇ" ಎಂದವರು ನಮ್ಮೂರ ಪಟೇಲರು. ಹಾಗೆಂದಾಗ ನಾನು ಅವರ ಚಾವಡಿಯ ಮುಂದೆ ಮರಳು ಹರಡಿಕೊಂಡು ಕೂತಿದ್ದೆ. ನನ್ನ ಬಲಗೈ ನಾಟಕದ ಮೇಷ್ಟ್ರ ಕೈಯೊಳಗಿತ್ತು. ಅವರ ಹೆಬ್ಬೆರಳಿನ ಉಗುರು ನಶ್ಯ ಹಿಡಿದು ಹಿಡಿದು ಕಂದು ತಿರುಗಿತ್ತು. ತೋರುಬೆರಳ ತುದಿ ಹಾರ್ಮೋನಿಯಂ ಒತ್ತಿ ಚಪ್ಪಟೆಯಾಗಿತ್ತು. ಬೆರಳ ಸಂದಿಯಲ್ಲಿ ಒಣಗಿದ ಮೈದಾ ಅಂಟು. ಚಾಮರಾಜನಗರದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವುದು ಅವರ ಹೊಟ್ಟೆಪಾಡು. ಪಟೇಲರ ಮಾತಿಗೆ ಕೂತವರೆಲ್ಲ ನಕ್ಕರು. ಮೇಷ್ಟ್ರು ತಲೆ ಎತ್ತಲೂ ಇಲ್ಲ. ನನ್ನ ಬೆರಳು ಹಿಡಿದು 'ರ' ತಿದ್ದಿಸುತ್ತಲೇ ಇದ್ದರು.

ಅದು ಐವತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಗುಂಡ್ಲುಪೇಟೆಯಿಂದ ಕಾಡಂಚಿನ ಮದ್ದೂರಿನ ಕಡೆಗೆ. ನನಗಾಗ ಹದಿನೇಳು. ಅಪ್ಪನೂ ನಾನೂ ಪಟೇಲರ ಹೊಲದ ಆಳುಗಳು. ನಮ್ಮ ಮನೆಯಿಂದ ಯಾರೂ ಶಾಲೆಯ ಹೊಸ್ತಿಲು ತುಳಿದವರಲ್ಲ.

ಮೇಷ್ಟ್ರು ನಮ್ಮೂರಿಗೆ ಬಂದದ್ದು ನಾಟಕ ಕಲಿಸಲು. ಅವರೇ ಬರೆದು, ಅವರೇ ಹಾಡು ಕಟ್ಟಿದ ಒಬ್ಬ ಅರಸನ ಕಥೆ. ಒಂದೇ ವರ್ಷಕ್ಕೆ ಮುಗಿಯುವಂಥದ್ದಲ್ಲ. ಮೊದಲ ವರ್ಷ ಅರಸ ಕಾಡಿಗೆ ಹೋಗುವವರೆಗೆ. ಎರಡನೆಯ ವರ್ಷ ಕಾಡಿನ ಪಾಡು. ಮೂರನೆಯ ವರ್ಷ ಯುದ್ಧ, ಪಟ್ಟ. ಸುಗ್ಗಿ ಮುಗಿದ ಮೇಲೆ ಒಂದೊಂದು ಭಾಗ. ಎರಡನೆಯ ವರ್ಷಕ್ಕೆ ಬೇಗೂರು, ತೆರಕಣಾಂಬಿ ಕಡೆಯಿಂದಲೂ ಜನ ಗಾಡಿ ಕಟ್ಟಿಕೊಂಡು ಬಂದರು. ಗುಂಡ್ಲುಪೇಟೆ ಸಂತೆಯಲ್ಲಿ ಈರುಳ್ಳಿ ಮೂಟೆ ಇಳಿಸುತ್ತಲೇ, "ನಿಮ್ಮೂರ ಅರಸ ಕಾಡಿಂದ ಯಾವಾಗ್ಲಾ ಬಂದಾನು?" ಎಂದು ಕೇಳುತ್ತಿದ್ದರು.

ಬೇರೆ ಊರುಗಳಲ್ಲಿ ನಾಟಕದ ಮೇಷ್ಟ್ರುಗಳು ಹೇಳಿಕೊಟ್ಟದ್ದನ್ನು ಪಾತ್ರಧಾರಿಗಳು ಗಿಳಿಯಂತೆ ಒಪ್ಪಿಸುತ್ತಿದ್ದರು. ನಮ್ಮ ಮೇಷ್ಟ್ರದು ಹಾಗಲ್ಲ. ಪ್ರತಿಯೊಬ್ಬನೂ ತನ್ನ ಮಾತನ್ನು ತಾನೇ ಹಾಳೆ ನೋಡಿ ಓದಬೇಕು. "ಕಿವೀಲಿ ಕಲ್ತದ್ದು ಜನ ಕಂಡೇಟ್ಗೆ ಓಡೋಯ್ತದ. ಕಣ್ಣಲ್ಲಿ ಕಲ್ತದ್ದು ಎದೇಲಿ ಕೂತ್ಕತದ" ಎನ್ನುತ್ತಿದ್ದರು. ಓದು ಬಾರದವರಿಗೆ ಭಾನುವಾರ ಮಧ್ಯಾಹ್ನ ಮೊದಲು ಮರಳಿನಲ್ಲಿ ಅಕ್ಷರ, ಆಮೇಲೆ ನಾಟಕ. ಮೊದಲೆರಡು ವರ್ಷ ನನ್ನದು ಈಟಿ ಹಿಡಿದು ನಿಲ್ಲುವ ಬಾಗಿಲ ಭಟನ ಪಾತ್ರ. ಒಂದು ಮಾತೂ ಇಲ್ಲ.

"ಮಾತೇ ಇಲ್ದೋನ್ಗೆ ಅಕ್ಸರ ಯಾಕೆ ಮೇಷ್ಟ್ರೇ?" ಎಂದು ಕೇಳಿದೆ.

"ಬಾಗ್ಲು ಕಾಯೋನ್ಗೆ ಒಳಗೇನು ನಡೀತದ ಅಂತ ಗೊತ್ತಿರ್ಬೇಕು ಕಣ್ಲಾ" ಎಂದರು.

ಮೂರನೆಯ ವರ್ಷ ಅವರು ಅರಸನ ತಮ್ಮನ ಪಾತ್ರವನ್ನು ನನಗೆ ಕೊಟ್ಟರು. ಎರಡು ಹಾಡು, ಹಾಳೆ ತುಂಬ ಮಾತು. ಪಟೇಲರ ಭಾವಮೈದ ಅದೇ ಪಾತ್ರಕ್ಕೆ ಆಸೆಪಟ್ಟಿದ್ದ. ಆಳಿನ ಮಗ ಅರಸನ ಪಕ್ಕ ಕೂರುವುದು, ಭಾವಮೈದ ಈಟಿ ಹಿಡಿಯುವುದು ಪಟೇಲರ ಮನೆಯಲ್ಲಿ ಯಾರಿಗೂ ಜೀರ್ಣವಾಗಲಿಲ್ಲ. ಆದರೆ ಬಾಯಲ್ಲಿ ಹೇಳಿದ್ದು ಬೇರೆ: ಈ ಮೇಷ್ಟ್ರು ಹಳೇ ಕಾಲದವರು, ನಾಟಕ ಕಲಿಸಿ ಎಂದರೆ ಕಂಡಕಂಡವರಿಗೆ ಅಆಇಈ ಕಲಿಸುತ್ತಾರೆ.

ಯುದ್ಧದ ಭಾಗ ಇನ್ನೂ ಶುರುವಾಗಿರಲಿಲ್ಲ. ಒಂದು ಭಾನುವಾರ ಮೇಷ್ಟ್ರು ಬಸ್ಸಿಳಿದು, ಹಾರ್ಮೋನಿಯಂ ಹೆಗಲ ಮೇಲೆ ಹೊತ್ತು ಚಾವಡಿಗೆ ಬಂದರೆ, ಅವರು ಕೂರುವ ಚಾಪೆಯ ಮೇಲೆ ರೇಷ್ಮೆ ಜುಬ್ಬದವರೊಬ್ಬರು ಕೂತಿದ್ದರು.

"ಇನ್ನು ನೀವು ದಣೀಬ್ಯಾಡಿ ಮೇಷ್ಟ್ರೇ" ಎಂದರು ಪಟೇಲರು. "ಇವ್ರು ಮೈಸೂರು ಕಂಪ್ನಿಯವ್ರು. ನಾಟಕದ ಪುಸ್ತಕ ಕೊಟ್ಬುಟ್ಟು ಓಗಿ."

ನಮ್ಮ ಕಡೆ ಮೇಷ್ಟ್ರನ್ನು ವೀಳ್ಯ ಕೊಟ್ಟು ಕರೆಯುತ್ತಾರೆ. ಆಟ ಮುಗಿದ ಮೇಲೆ ರಂಗದ ಮೇಲೆ ವೀಳ್ಯ ಕೊಟ್ಟೇ ಕಳಿಸುತ್ತಾರೆ. ಮೇಷ್ಟ್ರು ಹಾರ್ಮೋನಿಯಂ ಇಳಿಸದೆಯೇ ಕೇಳಿದರು: "ಕರೆಯೋವಾಗ ವೀಳ್ಯ ಕೊಟ್ರಿ. ಕಳ್ಸೋವಾಗ ಬ್ಯಾಡ್ವಾ?"

"ಆಟ ಮುಗ್ದಿಲ್ವಲ್ಲ. ಯಾವ ವೀಳ್ಯ?"

ಮೇಷ್ಟ್ರು ಜೋಳಿಗೆಯಿಂದ ಪುಸ್ತಕ ತೆಗೆದು ಜಗುಲಿಯ ಮೇಲಿಟ್ಟರು. ತಾವೇ ಬರೆದು ತಾವೇ ರಟ್ಟು ಹಾಕಿದ ಪುಸ್ತಕ. ಒಬ್ಬೊಬ್ಬರ ಮುಖವನ್ನೂ ನೋಡಿದರು. ಅಲ್ಲಿ ನಾವು ಇಪ್ಪತ್ತು ಜನ ಗಂಡಸರಿದ್ದೆವು. ಮೂರು ವರ್ಷ ಅವರಿಂದ ಕಲಿತವರು. ಒಬ್ಬನಾದರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅಪ್ಪ ಹಿಂದಿನಿಂದ ನನ್ನ ರಟ್ಟೆ ಹಿಡಿದಿದ್ದ ಎನ್ನುವುದು ನಿಜ, ಆದರೆ ಅದು ನೆಪ. ಪಟೇಲರ ಮೇಲಿನ ಸಿಟ್ಟು ಒಂದು ಪಾಲಾದರೆ ನನ್ನ ಮೇಲಿನದು ಮೂರು ಪಾಲು.

ಮೇಷ್ಟ್ರು ಹೋದ ಆ ಮಧ್ಯಾಹ್ನವೇ ಕಂಪನಿಯವರು ತಮ್ಮ ಹಾರ್ಮೋನಿಯಂ ನುಡಿಸತೊಡಗಿದರು. ಅರಸನ ಹಾಡಿನ ಎತ್ತುಗಡೆಯನ್ನು ಒಂದು ಸಲ ನುಡಿಸಿದರು, ಎರಡು ಸಲ ನುಡಿಸಿದರು. ಅರಸ ಸುಮ್ಮನೆ ನಿಂತಿದ್ದ.

"ಯಾಕ್ರೀ, ಹಾಡಲ್ಲ?"

"ನೀವಿನ್ನೂ ಕೆಮ್ಮಿಲ್ವಲ್ಲ ಸ್ವಾಮಿ" ಎಂದ ಅರಸ.

ನಶ್ಯದ ಮೇಷ್ಟ್ರಿಗೆ ಪ್ರತಿ ಹಾಡಿನ ಮೊದಲೂ ಒಂದು ಕೆಮ್ಮು. ಮೂರು ವರ್ಷ ಅದನ್ನು ಕೇಳಿ ಕೇಳಿ, ಹಾಡು ಎತ್ತುವ ಸೂಚನೆಯೇ ಅದು ಎಂದು ಇಡೀ ಊರು ಕಲಿತಿತ್ತು. ಪಟೇಲರು ರೇಗಿದರೂ ಉಪಯೋಗವಾಗಲಿಲ್ಲ. ಕೊನೆಗೆ ರೇಷ್ಮೆ ಜುಬ್ಬದವರು ಆಟದ ದಿನವೂ ಹಾಡು ಹಾಡಿಗೆ ಕೆಮ್ಮಿದರು. ಜನ ಇದನ್ನು ಈಗಲೂ ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಮೇಷ್ಟ್ರ ಕೆಮ್ಮೂ ಬೇಕಾಯಿತು, ಅವರೊಬ್ಬರು ಬೇಡವಾದರು.

ನನ್ನ ಪಾತ್ರ ಭಾವಮೈದನಿಗೆ ಹೋಯಿತು. ನಾನು ಮತ್ತೆ ಈಟಿ ಹಿಡಿದು ನಿಂತೆ. ಪಟ್ಟಾಭಿಷೇಕದ ಮೇಲೆ ಪಟೇಲರು ಕಂಪನಿಯವರಿಗೆ ಶಾಲು ಹೊದಿಸಿ, ವೀಳ್ಯ ಕೊಟ್ಟು, "ಮೂರು ವರ್ಷದ ಈ ನಾಟಕ ಇವರ ಕೃಪೆ" ಎಂದರು. ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಕಾಡಿಗೆ ಹೋದ ಅರಸನ ಕಥೆ ಕಟ್ಟಿದವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಮುಂದಿನ ಭಾನುವಾರ ಚಾಮರಾಜನಗರಕ್ಕೆ ಹೋದೆ. ಬೈದಾರು ಎಂದುಕೊಂಡಿದ್ದೆ. ಅವರು ಹಳೇ ಪುಸ್ತಕವೊಂದರ ಬೆನ್ನಿಗೆ ಅಂಟು ಬಳಿಯುತ್ತಿದ್ದರು.

"ಒತ್ತಕ್ಷರ ಎಲ್ಗಂಟ ಆಗಿತ್ಲಾ?"

"ಅರ್ಧ ಆಗಿತ್ತು ಮೇಷ್ಟ್ರೇ."

"ನಾಟ್ಕ ಬ್ಯಾರೆಯೋರು ಮುಗುಸ್ಲಿ. ನಿನ್ನ ನಾನೇ ಮುಗುಸ್ಬೇಕು. ಕೂತ್ಕೊ."

ಪಟೇಲರ ಹೊಲ ಬಿಟ್ಟು ಅಲ್ಲೇ ಒಂದು ರೈಸ್‌ಮಿಲ್ಲಿನಲ್ಲಿ ಮೂಟೆ ಹೊತ್ತೆ. ಸಂಜೆ ಅವರ ಅಂಗಡಿ. ರಟ್ಟಿಗೆ ಬಂದ ಪುಸ್ತಕಗಳನ್ನೇ ಅಂಟು ಒಣಗುವಷ್ಟರಲ್ಲಿ ಓದಿ ಮುಗಿಸಬೇಕು. ಇಂಗ್ಲಿಷು ಅವರಿಗೂ ಅಷ್ಟಕ್ಕಷ್ಟೆ. ಇಬ್ಬರೂ ಕೂಡಿ ಕಲಿತೆವು. ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಎರಡನೆಯ ಸಲಕ್ಕೆ ಪಾಸು ಮಾಡಿದೆ. ಮೈಸೂರಿಗೆ ಹೋಗಿ ಪಿಯುಸಿ ಮುಗಿಸಿ ಬಿ.ಎ. ಸೇರಿದೆ. ಕೊನೆಯ ವರ್ಷ, ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ನಮ್ಮೂರಿಂದ ಒಬ್ಬರೂ ಬರಲಿಲ್ಲ.

ಈಗ ಪಟೇಲರ ಮಗ ಬಂದವರಿಗೆಲ್ಲ "ಇವ್ನು ನಮ್ಮೂರ ಮೊದಲ ಬಿ.ಎ., ನಾವೇ ಓದ್ಸಿದ್ದು" ಎಂದು ನನ್ನನ್ನು ತೋರಿಸುತ್ತಾನೆ. ಈಗ ಸುಮ್ಮನಿರುವುದಿಲ್ಲ, ಓದಿಸಿದವರು ಯಾರೆಂದು ಅವನ ಎದುರಿಗೇ ಹೇಳುತ್ತೇನೆ.

ಬಿ.ಎ. ಸರ್ಟಿಫಿಕೇಟು ಕೈಗೆ ಬಂದ ದಿನ ಊರಿಗೆ ಹೋಗಲಿಲ್ಲ. ನೇರ ಚಾಮರಾಜನಗರಕ್ಕೆ ಹೋಗಿ, ಮೇಷ್ಟ್ರ ಹೆಂಡತಿಯ ಕೈಗೆ ಕೊಟ್ಟೆ. ಆಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿಂದ ಕೆಳಗಿನವರೆಗೆ ಬಹಳ ಹೊತ್ತು ನೋಡಿದರು. ಅವರಿಗೆ ಓದು ಬಾರದು.

"ಇದ್ರಲ್ಲಿ ನಮ್ಮೋರ ಎಸ್ರು ಎಲ್ಲಿ ಅದ ಮಗಾ?" ಎಂದರು.