ಒಲೆಗೆ ಅಂಜಿದ ಅಡುಗೆಯವ

ಎರಡು ವರ್ಷದ ಹಿಂದಿನ ಮಾತು. ರಂಜಾನ್ ಮುಗಿದು ಮದುವೆಗಳು ಶುರುವಾಗಿದ್ದವು. ನಾನು ಗಂಗಾವತಿಯವನು, ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುವುದು ನನ್ನ ಕಸುಬು. ಕುಷ್ಟಗಿಯ ಒಂದು ಮದುವೆಯಲ್ಲಿ ಹಂಡೆಗೆ ಅಕ್ಕಿ ಹಾಕಬೇಕು ಅನ್ನುವಷ್ಟರಲ್ಲಿ ಗ್ಯಾಸ್ ಪೈಪಿಗೆ ಬೆಂಕಿ ಹತ್ತಿತು. ಪೆಂಡಾಲಿನ ಮೂಲೆ ಧಗ್ಗನೆ ಉರಿಯಿತು. ನನ್ನ ಎಡಗೈ ಸುಟ್ಟು ಹುಬ್ಬು ಹೋದವು. ಪುಣ್ಯಕ್ಕೆ ಬೇರೆ ಯಾರಿಗೂ ಏನೂ ಆಗಲಿಲ್ಲ.

ಕೈ ವಾಸಿಯಾಯಿತು, ಹುಬ್ಬೂ ಬಂದವು. ಆದರೆ ಒಲೆ ಹೊತ್ತಿಸುವ ‘ಬುಸ್’ ಸದ್ದು ಕೇಳಿದರೆ ಸಾಕು, ಬೆವೆತು ಹೊರಗೆ ಓಡುತ್ತಿದ್ದೆ. ಆರ್ಡರುಗಳನ್ನೆಲ್ಲ ತಮ್ಮನಿಗೆ ಬಿಟ್ಟು, ದೂರ ಕೂತು ಉಳ್ಳಾಗಡ್ಡಿ ಹೆಚ್ಚತೊಡಗಿದೆ. ಕಣ್ಣೀರು ಬಂದರೆ ಉಳ್ಳಾಗಡ್ಡಿ ಮೇಲೆ ಹಾಕಬಹುದಲ್ಲ!

“ಊರಿಗೆಲ್ಲ ಉಣಿಸ್ದವ್ರು ಮನ್ಯಾಗ ಚಹಾ ಕಾಸಾಕ ಅಂಜ್ತೀರಿ. ನಡೀರಿ,” ಎಂದು ಹೆಂಡತಿ ಶಮೀಮ್ ಕೊಪ್ಪಳದ ಮನೋವೈದ್ಯೆಯ ಹತ್ತಿರ ಎಳೆದುಕೊಂಡು ಹೋದಳು.

ಮೊದಲು ಬರೀ ಮಾತು, ನಿದ್ದೆಯ ವಿಚಾರಣೆ. ಆಮೇಲೊಂದು ದಿನ ಡಾಕ್ಟರಮ್ಮ ನನ್ನ ಮುಂದೆ ಎರಡು ಬೆರಳು ಹಿಡಿದು ಆ ಕಡೆ ಈ ಕಡೆ ಆಡಿಸಿದರು.

“ದೃಷ್ಟಿ ತಗ್ಯಾಕತ್ತೀರೇನ್ರಿ?” ಅಂದೆ.

ಅವರು ಜೋರಾಗಿ ನಕ್ಕರು. “ಮಂತ್ರ ಅಲ್ಲ ಭಾಯಿ. ಬೆಂಕಿ ಆರೈತಿ ಅಂತ ನಿಮಗ ಗೊತ್ತೈತಿ. ಮನಸ್ಸಿನ್ಯಾಗ ಮಾತ್ರ ಇನ್ನೂ ಉರ್ಯಾಕತ್ತೈತಿ. ಅದನ್ನ ನೆನಸ್ಕೊಂತ ನನ್ನ ಬೆರಳ ಜೋಡಿ ಕಣ್ಣು ಆಡಸ್ರಿ. ನಿಧಾನಕ್ಕ ಅದು ಹಳೇ ಸುದ್ದಿ ಆಕ್ಕೈತಿ. ಬ್ಯಾಡ ಅನಿಸಿದ್ರ ಕೈ ಎತ್ರಿ, ನಿಲ್ಲಿಸ್ತೀನಿ.”

ಮೊದಮೊದಲು ಬೆಂಕಿಯೊಂದೇ ಕಾಣುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ಕೈ ಎತ್ತುತ್ತಿದ್ದೆ. ಕೆಲವು ವಾರ ಹೋಗಿ ಬಂದ ಮೇಲೆ, ಬೆರಳು ನೋಡುತ್ತಿರುವಾಗಲೇ ಪೂರ್ತಿ ಮರೆತಿದ್ದ ಸಂಗತಿಯೊಂದು ಎದ್ದು ಬಂತು. ಬೆಂಕಿ ಆರಿದ ಮೇಲೆ ಮದುಮಗಳ ಅಪ್ಪ ನನಗೆ ನೀರು ಕುಡಿಸಿ, “ಬಿರಿಯಾನಿ ಹೋದ್ರ ಹೋಗ್ಲಿ, ಜೀವ ಉಳೀತಲ್ಲ,” ಅಂದಿದ್ದರು. ಬಸ್ ಸ್ಟ್ಯಾಂಡಿನಿಂದ ಬುಟ್ಟಿಗಟ್ಟಲೆ ಮಂಡಾಳ ಒಗ್ಗರಣಿ, ಅಂದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ ತರಿಸಿದ್ದರು. ಜರತಾರಿ ಬಟ್ಟೆಯ ಮದುಮಕ್ಕಳು ಖಾರಕ್ಕೆ ‘ಹಾ ಹಾ’ ಅನ್ನುತ್ತ ತಿಂದಿದ್ದರು! ನಾನು ಮದುವೆ ಹಾಳು ಮಾಡಿದೆ ಅಂತ ಕೊರಗುತ್ತಿದ್ದೆ, ಅವರು ನಗುತ್ತಿದ್ದರು. ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತು ನಾನೂ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಈ ಸಲ ಹತ್ತಿರ ಉಳ್ಳಾಗಡ್ಡಿ ಇರಲಿಲ್ಲ.

ಇನ್ನೂ ಕೆಲವು ಸಲ ಹೋದೆ. ಒಂದು ಮುಂಜಾನೆ ಶಮೀಮ್ ಏಳುವ ಮೊದಲೇ ಅಡುಗೆಮನೆಗೆ ನುಗ್ಗಿ ಚಹಾ ಕಾಸಲು ಒಲೆ ಹೊತ್ತಿಸಿದೆ. ‘ಬುಸ್’ ಅಂತು. ಎದೆಯೂ ಒಮ್ಮೆ ಧಸಕ್ ಅಂದು ಸುಮ್ಮನಾಯಿತು. ಸದ್ದಿಗೆ ಎದ್ದು ಬಂದವಳು ಬಾಗಿಲಲ್ಲೇ ನಿಂತಳು.

ಈಗ ಮತ್ತೆ ಹಂಡೆಗಟ್ಟಲೆ ಬಿರಿಯಾನಿ ಮಾಡುತ್ತೇನೆ, ಪೈಪನ್ನು ಎರಡೆರಡು ಸಲ ನೋಡುತ್ತೇನೆ. ಆ ಬೆಂಕಿ ಮರೆತಿಲ್ಲ, ಆದರೆ ಅದು ಆಗಿಹೋದದ್ದು ಅಂತ ಈಗ ಮೈಗೂ ಗೊತ್ತಿದೆ. ಎಷ್ಟೋ ಮಂದಿ ನನ್ನ ಅಡುಗೆ ಹೊಗಳಿದ್ದಾರೆ. ಆ ಮುಂಜಾನೆಯ ಚಹಾಕ್ಕೆ ಮಾತ್ರ ಸಕ್ಕರೆ ಹಾಕುವುದನ್ನೇ ಮರೆತಿದ್ದೆ. ಶಮೀಮ್ ಒಂದು ಗುಟುಕೂ ಬಿಡದೆ ಕುಡಿದು, “ಇನ್ನೊಂದು ಕಪ್ ಹಾಕ್ರಿ,” ಅಂದಳು.