ಬುಟ್ಟಿಯ ಕೆಳಗಿನ ಗಾಲಿ ಗುರುತು

ಸಾಬೀರಾಳಿಗೆ ಊರುಗಳ ಪರಿಚಯವಾದದ್ದು ಟೈರುಗಳ ಸಂದಿಯಿಂದ. ಸಿಂದಗಿ ಬಸ್ ನಿಲ್ದಾಣದ ಎದುರು ಗಂಡ ಅಬ್ದುಲರಜಾಕನ ಪಂಚರ್ ಅಂಗಡಿ, ಅದರ ಬೆನ್ನಿಗೇ ಒಂದು ಕೋಣೆಯ ಮನೆ. ಐದು ತಿಂಗಳ ಕೂಸು ಶಮ್ಶುನ್ನೀಸಾ ಹಾಲು ಕುಡಿಯುವಷ್ಟು ಹೊತ್ತು ಅವಳು ಹೊಸ್ತಿಲಲ್ಲಿ ಕೂತು, ನಿಂತ ಬಸ್ಸುಗಳ ಗಾಲಿಗಳನ್ನು ನೋಡುತ್ತಿದ್ದಳು. ಕೆಂಪು ಗರಸು ಮಣ್ಣು ಸಿಕ್ಕಿಕೊಂಡಿದ್ದರೆ ಅದು ಮುದ್ದೇಬಿಹಾಳದ ಬಸ್ಸು. ಎರೆಮಣ್ಣಿನ ಜೊತೆ ಲಿಂಬೆಯ ಎಲೆಯೊಂದು ಅಂಟಿದ್ದರೆ ಅವಳ ತವರೂರು ಇಂಡಿಯ ಬಸ್ಸು. ಎದ್ದು ಹೋಗಿ ಆ ಎಲೆ ಬಿಡಿಸಿ ತಂದು ಮೂಸುವಳು, ಆಮೇಲೆ ಕೂಸಿನ ಮೂಗಿಗೂ ಹಿಡಿಯುವಳು. ಬಸವನ ಬಾಗೇವಾಡಿಯನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಆದರೂ ಆ ಊರು ದಿನವೂ ಒಂದಿಷ್ಟು ಬಂದು ತನ್ನ ಅಂಗಳದಲ್ಲಿ ಉದುರುತ್ತದೆ ಎಂದುಕೊಳ್ಳುತ್ತಿದ್ದಳು.

ರಜಾಕನ ಅಂಗಡಿಯಲ್ಲಿ ಗಾಳಿ ಅಳೆಯುವ ಯಂತ್ರವಿರಲಿಲ್ಲ. ಒಂದು ಮೊಳದ ಕಬ್ಬಿಣದ ಸಲಾಕೆ ಇತ್ತು, ಅವನ ಕಿವಿ ಇತ್ತು. ಸಲಾಕೆಯಿಂದ ಟೈರಿಗೆ ಒಂದು ಏಟು ಹಾಕಿ ತಲೆ ಓರೆ ಮಾಡಿ ಕೇಳುವನು. ದನಿ ಬಿಗಿಯಾಗಿ ಪುಟಿದು ಬಂದರೆ ಗಾಳಿ ಸರಿ, ಮಂಕಾಗಿ ಸತ್ತರೆ ಕಡಿಮೆ. "ರಜಾಕ ಬಡದು ಕೇಳ್ಯಾನ" ಎಂಬ ಮಾತಿನ ಮೇಲೆ ಡ್ರೈವರುಗಳು ನಲವತ್ತು ಜನರನ್ನು ಕೂರಿಸಿಕೊಂಡು ಹೊರಡುತ್ತಿದ್ದರು. ಆ ಕಿವಿಯ ಹೆಸರೇ ಅಂಗಡಿಯ ಬೋರ್ಡು. ಹೆಸರು ಹೋದರೆ ಅಂಗಡಿಯ ಎದುರು ಯಾವ ಗಾಡಿಯೂ ನಿಲ್ಲದು ಎಂಬುದು ಸಾಬೀರಾಳಿಗೂ ಗೊತ್ತಿತ್ತು.

ಎಪ್ಪತ್ತಾರರ ಚಳಿಗಾಲ. ಹೊಲಗಳಲ್ಲಿ ಜೋಳ ಹಾಲು ತುಂಬಿ ನಿಂತಿತ್ತು. ಅಂದು ಮುಂಜಾನೆ ಅವಳು ಧೂಳು ಏಳದಿರಲೆಂದು ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದಾಗ ಒಂದು ಕೆಂಪು ಕಾರು ಸದ್ದಿಲ್ಲದೆ ಬಂದು ನಿಂತಿತು. ಇಬ್ಬರೇ ಕೂಡುವಂಥದ್ದು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಬೆಕ್ಕಿನ ಹಾಗಿತ್ತು. ಇಳಿದವನು ಗೊಳಸಂಗಿಯ ಬಸಂತರಾಯ. ಮುಂಬಯಿಯಲ್ಲಿ ಹಡಗಿನ ನೌಕರಿ, ಕಾರೂ ಹಡಗಿನಲ್ಲೇ ಬಂದದ್ದು. ಇಂಥದೇ ಕಾರನ್ನು ಅವನ ಗೆಳೆಯನೊಬ್ಬನೂ ತರಿಸಿದ್ದ. ಆದರೆ ಕಾರ್ಖಾನೆಯವರು ಒಬ್ಬೊಬ್ಬರ ಕಾರಿಗೆ ಒಂದೊಂದು ಜಾತಿಯ ಟೈರು ಹಾಕಿ ಕಳಿಸಿದ್ದರು. ಯಾವುದು ಮೇಲು ಎಂದು ಇಬ್ಬರಿಗೂ ಜಿದ್ದು. ಕೊನೆಗೆ ಎರಡೆರಡು ಟೈರು ಅದಲುಬದಲು ಮಾಡಿಕೊಂಡಿದ್ದರು. ಹಾಗಾಗಿ ಬಸಂತರಾಯನ ಕಾರಿಗೆ ಮುಂದೆ ಗೆಳೆಯನವು, ಹಿಂದೆ ತನ್ನವು. ಊರಿನ ರಸ್ತೆಗಳಲ್ಲಿ ಓಡಿಸಿ ನೋಡಿ ಗೆದ್ದವರ್‍ಯಾರು ಎಂದು ಕಾಗದ ಬರೆಯಬೇಕಿತ್ತು. ಮರುದಿನ ತಾಯಿ ಕಾಶಿಬಾಯಿಯನ್ನು ಕೂರಿಸಿಕೊಂಡು ಇಂಡಿಗೆ ಹೋಗುವ ಆಸೆಯೂ ಇತ್ತು.

ರಜಾಕ ಕಾರಿನ ಸುತ್ತ ಬಂದ. ಮುಂದಿನ ಟೈರುಗಳು ಸೆಟೆದು ನಿಂತಿದ್ದವು. ಹಿಂದಿನವು ಬುಡದಲ್ಲಿ ಪಕ್ಕಕ್ಕೆ ಉಬ್ಬಿ ಕುಂತ ಹಾಗಿದ್ದವು. ಬಡಿದ. ಮುಂದಿನವುಗಳ ದನಿ ಪುಟಿಯಿತು, ಹಿಂದಿನವುಗಳದು ಮಂಕು. ಗಾಳಿ ಇಳಿದಿದೆ ಎಂದ. ಬಸಂತರಾಯನೂ ಹಾಗೇ ಕಾಣುತ್ತದೆ ಎಂದು ತಲೆಯಾಡಿಸಿದ. ರಜಾಕ ಪಂಪು ಹಚ್ಚಿ, ನಾಲ್ಕೂ ಒಂದೇ ದನಿಯಾಗುವ ತನಕ ಒತ್ತಿದ.

ಸಾಬೀರಾಳ ಕಣ್ಣು ಮಾತ್ರ ನೆಲದ ಮೇಲಿತ್ತು. ಕಾರು ಬಂದ ದಾರಿಯಲ್ಲಿ, ಹಸಿ ಮಣ್ಣಿನ ಮೇಲೆ, ಹಿಂದಿನ ಗಾಲಿ ಒಂದು ಪಟ್ಟಿ ಬರೆದಿತ್ತು. ನಡುವೆ ಮೂರು ನೇರ ಸಾಲು, ಎರಡೂ ಅಂಚಿಗೆ ಓರೆ ಓರೆ ಹೊಲಿಗೆ. ಕೂಸಿಗೆಂದು ಅವಳು ಹಳೆಯ ಸೀರೆ, ಲುಂಗಿ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದಳು, ಅಂಚಿಗೆ ಯಾವ ಹೊಲಿಗೆ ಹಾಕುವುದೆಂದು ತಿಳಿಯದೆ ಎಂಟು ದಿನ ಸುಮ್ಮನಿದ್ದಳು. ಸಮುದ್ರದಾಚೆಯ ಯಾವಳೋ ಒಬ್ಬಳು ತನಗಾಗಿಯೇ ಹೊಲಿಗೆ ಹೇಳಿ ಕಳಿಸಿದ್ದಾಳೆ ಎನಿಸಿತು. ಮಧ್ಯಾಹ್ನ ಬಿಡುವಾದಾಗ ನೋಡಿ ಹೊಲಿಯೋಣವೆಂದು ಒಂದು ಮೊಳದಷ್ಟು ಗುರುತಿನ ಮೇಲೆ ರೊಟ್ಟಿಯ ಬುಟ್ಟಿ ಕವುಚಿ ಇಟ್ಟಳು.

ಊಟದ ಹೊತ್ತಿಗೆ ಕಾರು ಮೆಲ್ಲಗೆ ತಿರುಗಿ ಬಂತು. ಮೈತುಂಬ ಜೋಳದ ಎಲೆ. ದೇವರ ಹಿಪ್ಪರಗಿಯ ದಾರಿಯ ತಿರುವಿನಲ್ಲಿ ಹಿಂಭಾಗ ಜಾರಿ, ಕಾರು ಗಿರ್ರನೆ ತಿರುಗಿ ಹೊಲದೊಳಗೆ ನಿಂತಿತಂತೆ. ಯಾರಿಗೂ ಪೆಟ್ಟಾಗಿರಲಿಲ್ಲ. ತನ್ನ ಟೈರು ಸೋತವು, ಇಂಥ ಕಾರಿನಲ್ಲಿ ಅವ್ವನನ್ನು ಕೂರಿಸಲಾರೆ ಎಂದ ಬಸಂತರಾಯ. ಚಹಾ ಕುಡಿಯುತ್ತಿದ್ದ ಬಸ್ ಡ್ರೈವರ್ ಭೀಮಶ್ಯಾ, ಟೈರಿಗೆ ಗಾಳಿ ಹಾಕಿದ್ದು ಯಾರು ಎಂದು ಕೇಳಿ ತಿಳಿದುಕೊಂಡು ನಕ್ಕ.

"ರಜಾಕಣ್ಣಾ, ಕಿವ್ಯಾಗ ಅತ್ತರದ ಹತ್ತಿ ಇಟ್ಟೀಯೋ, ಹಾಸಗಿ ಹತ್ತಿ ತುಂಬೀಯೋ?"

ಎಲ್ಲರೂ ನಕ್ಕರು. ರಜಾಕ ಮತ್ತೆ ನಾಲ್ಕೂ ಟೈರು ಬಡಿದ. ದನಿ ಸರಿಯಾಗಿಯೇ ಇತ್ತು. ಕಿವಿ ಸರಿ ಎಂದರೂ ಕಾರು ಜಾರಿತ್ತಲ್ಲ, ಅದೇ ಅವನನ್ನು ಕುಗ್ಗಿಸಿತು. ಸಲಾಕೆ ಗೋಡೆಗೆ ಒರಗಿಸಿ ತನ್ನ ಕೈಗಳನ್ನು ನೋಡುತ್ತ ನಿಂತ.

ಸಾಬೀರಾ ಕೂಸನ್ನು ಭುಜಕ್ಕೆ ಹಾಕಿಕೊಂಡು ಹೊರಬಂದಳು. ಕಾರು ಈಗಷ್ಟೇ ಬಂದ ಹಾದಿಗೆ ಒಂದು ತಂಬಿಗೆ ನೀರು ಚಿಮುಕಿಸಿ, ಕಾರನ್ನು ಒಂದು ಮಾರು ಹಿಂದಕ್ಕೆ ತಳ್ಳಿರಿ ಎಂದು ಮೆಲ್ಲಗೆ ಗಂಡನಿಗೆ ಹೇಳಿದಳು. ಮನಸ್ಸಿಲ್ಲದ ಮನಸ್ಸಿನಿಂದ ಅವನು ತಳ್ಳಿದ. ಹಿಂದಿನ ಗಾಲಿ ಬರೆದ ಪಟ್ಟಿಯಲ್ಲಿ ನಡುವಿನ ಮೂರು ಸಾಲು ಮಾತ್ರ ಇದ್ದವು. ಅಂಚಿನ ಓರೆ ಹೊಲಿಗೆ ಇರಲೇ ಇಲ್ಲ, ಬಿಗಿದ ಟೈರಿನ ಅಂಚು ನೆಲ ಮುಟ್ಟಿರಲಿಲ್ಲ. ಆಗ ಅವಳು ಬುಟ್ಟಿ ಎತ್ತಿದಳು. ಮುಂಜಾನೆಯ ಗುರುತು ಅಂಗೈಯಗಲ, ಹೊಲಿಗೆಯೆಲ್ಲ ತುಂಬಿಕೊಂಡು ಹಾಗೇ ಮಲಗಿತ್ತು.

"ಹಸದ ಕೂಸಲ್ಲರಿ ಆ ಹಿಂದಿನ ಟೈರು," ಎಂದಳು. "ಹಾಲು ಕುಡದು ಗಲ್ಲ ಉಬ್ಬಿಸಿಕೊಂಡು ಮಲಗಿದ ಕೂಸು. ನೀವು ಎಬ್ಬಿಸಿ ಮತ್ತ ಕುಡಿಸೀರಿ."

ರಜಾಕ ಎರಡೂ ಗುರುತುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತ. ಗೇಣಿಟ್ಟು ಎರಡರ ಅಗಲವನ್ನೂ ಅಳೆದ. ಆಮೇಲೆ ಹಿಂದಿನ ಟೈರುಗಳಿಂದ ಚೂರು ಚೂರೇ ಗಾಳಿ ಬಿಡತೊಡಗಿದ. ಬಿಡುವುದು, ಮಣ್ಣು ನೆನೆಸುವುದು, ಕಾರು ತಳ್ಳುವುದು, ಬುಟ್ಟಿಯ ಜಾಗದ ಗುರುತಿಗೆ ಹೋಲಿಸುವುದು. ತಳ್ಳಲು ಭೀಮಶ್ಯಾನೂ ಚಹಾದ ಬಸಿ ಕೆಳಗಿಟ್ಟು ಬಂದ. ಐದನೆಯ ಸಲ ಅಂಚಿನ ಹೊಲಿಗೆ ಮೂಡಿತು. ರಜಾಕ ಸಲಾಕೆ ತಂದು ಬಡಿದ, ಕಣ್ಣು ಮುಚ್ಚಿದ. ಮುಂಜಾನೆಯ ಅದೇ ಮಂಕು ದನಿ, ಈ ಜಾತಿಯ ಟೈರಿಗೆ ಅದೇ ಸರಿಯಾದದ್ದು. ಮತ್ತೆ ಬಡಿದ, ಆ ದನಿ ಕಿವಿಯಲ್ಲಿ ಇಳಿದು ಕೂಡುವ ತನಕ.

ಬಸಂತರಾಯ ಅದೇ ತಿರುವಿನ ತನಕ ಹೋಗಿ ಬಂದ. ಈ ಸಲ ಕಾರಿನ ಮೇಲೆ ಬರೀ ಧೂಳಿತ್ತು. ಹಿಂಭಾಗ ನೆಲವನ್ನು ಹಿಡಿದುಕೊಂಡೇ ತಿರುಗಿತು ಎಂದ. ಗೆಳೆಯನಿಗೆ ಏನೆಂದು ಕಾಗದ ಬರೆಯಲಿ ಎಂದು ರಜಾಕನನ್ನೇ ಕೇಳಿದ.

"ಬರೀರಿ ಸಾವಕಾರ್ರ. ನಿಮ್ಮ ದೋಸ್ತನ ಟೈರು ಮಾತಾಡ್ತಾವ, ನಿಮ್ಮವು ನೆಲದ ಮಾತು ಕೇಳ್ತಾವ. ನಾ ಕೇಳೋ ಟೈರಿಗೆ ಮಾತು ಕಲಸಾಕ ಹೋಗಿದ್ದೆ. ನನ್ನ ಕಿವಿ ಒಂದ ಭಾಷಾ ಬಲ್ಲದು, ಇವತ್ತ ಎರಡನೇದು ಕಲೀತು."

"ಕಲಸಿದಾಕಿ ಹೆಸರೂ ಬರೀರಿ," ಎಂದ ಭೀಮಶ್ಯಾ. ತನ್ನ ಬಸ್ಸಿನತ್ತ ಹೋಗುವ ಮುಂಚೆ, ಹಿಂದಿನ ಎಡಗಾಲಿ ಒಂದೀಟು ಬಡಿದು ಕೇಳು ಎಂದು ರಜಾಕನನ್ನು ಕರೆದ.

ಮರುದಿನ ಕೆಂಪು ಕಾರು ಇಂಡಿಯ ಕಡೆ ಹಾಯ್ದು ಹೋಗುವಾಗ ಕಾಶಿಬಾಯಿ ಸೆರಗು ಹಾರದಂತೆ ಹಲ್ಲಲ್ಲಿ ಕಚ್ಚಿ ಹಿಡಿದು, ಒಂದು ಕೈ ಎತ್ತಿದರು. ಸಾಬೀರಾ ಹೊಸ್ತಿಲಲ್ಲಿ ಕೂತಿದ್ದಳು. ಕಾಲ ಮೇಲೆ ಕೂಸು, ಕೂಸಿನ ಮೇಲೆ ಕೌದಿ. ಗಾಳಿ ಬಿಟ್ಟು ಗುರುತು ಹೋಲಿಸುವ ಗದ್ದಲದಲ್ಲಿ ಬುಟ್ಟಿಯ ಕೆಳಗಿನದು ತುಳಿತಕ್ಕೆ ಸಿಕ್ಕು ಅಳಿಸಿತ್ತು. ಆದರೆ ಐದು ಸಲ ನೋಡಿದ್ದು ಅವಳ ಕೈಗೆ ಬಂದಿತ್ತು. ನಡುವೆ ಮೂರು ಸಾಲು ನೇರ ಹಾಕಿ, ಅಂಚಿಗೆ ಓರೆಯ ಮೊದಲ ಹೊಲಿಗೆ ಎಳೆದಳು. ದಾರವನ್ನು ಬಿಗಿಯಾಗಿ ಜಗ್ಗಲಿಲ್ಲ. ಕೂಸಿನ ಹೊಟ್ಟೆ ಏರಿ ಇಳಿಯುವಷ್ಟು ಸಡಿಲು ಬಿಟ್ಟಳು.